ಇದ್ರಿಸ್‌ಭಾಯಿಯ ಒಂದು ದಿನದ ಕೂಲಿ

"ನಮ್ಮ ಮನ್ಯಾಗ ನಿಮಗ ಏನ್ ಕಡಿಮಿ ಮಾಡೀವ್ರಿ? ಹೊಟ್ಟಿಗಿ ಹಾಕಿಲ್ಲೇನು? ಕೂಲಿಗಿ ಹೋಗಿ ನನ್ನ ಮಾನಾ ಕಳದು ಬಂದೀರಿ."

ಇದ್ರಿಸ್‌ಭಾಯಿ ಬಾಗಿಲಲ್ಲೇ ನಿಂತರು. ಅವರ ತಲೆಯ ಮೇಲೆ ಜೋಳದ ತೆನೆಯ ಚೀಲ. ಬೆಳಗಿನಿಂದ ನೆರೆಮನೆಯ ಗುಂಡವ್ವನ ಹೊಲದಲ್ಲಿ ತೆನೆ ಮುರಿದು, ಕೂಲಿಯೆಂದು ಅವಳು ಕೊಟ್ಟ ತೆನೆ ಹೊತ್ತು ನಮ್ಮೂರು ತಾಂಬಾದ ನಟ್ಟನಡುವೆ ನಡೆದು ಬಂದಿದ್ದರು. ನಾನು ಚೀಲ ಕಿತ್ತು ಅಂಗಳಕ್ಕೆ ಒಗೆದೆ. ತೆನೆ ಚೆಲ್ಲಾಪಿಲ್ಲಿಯಾದವು.

"ಕಡಿಮಿ ಇಲ್ಲ ನಬಿಭಾಯಿ. ಕೆಲಸ ಇಲ್ಲ," ಅಂದರು. ಎರಡು ವರ್ಷ ನಮ್ಮಲ್ಲಿ ಇದ್ದು ಕಲಿತ ಕನ್ನಡ.

ನನ್ನ ತಮ್ಮ ಅಶ್ಫಾಕ ಸುಡಾನಿನ ಖಾರ್ಟೂಮಿನಲ್ಲಿ ಟೈರ್ ಕಾರ್ಖಾನೆಯ ಕೆಲಸದಲ್ಲಿದ್ದ. ಇದ್ರಿಸ್‌ಭಾಯಿಯ ಮನೆಯಲ್ಲಿ ಬಾಡಿಗೆಯ ಖೋಲಿ. ಯುದ್ಧ ಹತ್ತಿದಾಗ ಅವರು ಇವನನ್ನು ಹದಿಮೂರು ದಿನ ಒಳಗೆ ಬಚ್ಚಿಟ್ಟುಕೊಂಡರು. ಆಮೇಲೆ ನಮ್ಮ ಸರಕಾರದ ಹಡಗು ಹತ್ತಿ ಇವನು ಊರಿಗೆ ಬಂದ. ಮರುವರ್ಷ ಅವರು ಮೂತ್ರಪಿಂಡದ ಕಾಯಿಲೆಗೆಂದು ಪುಣೆಯ ಆಸ್ಪತ್ರೆಗೆ ಬಂದರು. ಗುಣವಾದರು, ಆದರೆ ತಿರುಗಿ ಹೋಗಲು ಊರು ಉಳಿದಿರಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಅಶ್ಫಾಕ ಹೋಗಿ ಕರೆದುಕೊಂಡು ಬಂದ.

ತಮ್ಮನ ಜೀವ ಉಳಿಸಿದವರು, ಇವರು ನಮ್ಮ ಪಾವಣೇರು, ಮನೆಯ ಅತಿಥಿಗಳು ಎಂದು ಊರಿಗೆಲ್ಲ ನಾನೇ ಹೇಳಿದೆ. ಊರು ಕೇಳಿತು. ಹೋಟೆಲಿನ ಧೂಳಪ್ಪ ಅವರ ಚಹಾಕ್ಕೆ ದುಡ್ಡು ಮುಟ್ಟಲಿಲ್ಲ. ಯಾರ ಮದುವೆ ಇದ್ದರೂ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ. ಅವರು ಉಂಡ ತಾಟು ತೊಳೆಯಲು ಎದ್ದರೆ ನನ್ನ ಹೆಂಡತಿ ಶಮಶಾದಬಿ ಕೈಯಿಂದ ಕಸಿಯುತ್ತಿದ್ದಳು. ಎಮ್ಮೆಯ ಸಗಣಿ ಬಳಿಯಲು ಬುಟ್ಟಿ ಹಿಡಿದರೆ ನಾನು ಕಸಿಯುತ್ತಿದ್ದೆ. ಪಾವಣೇರು ತಾಟು ತೊಳೆದರೆ ನಮ್ಮ ಕಡೆ ಅದು ಮನೆಗೆ ಬೈದ ಹಾಗೆ.

"ಮ್ಯಾಲಾಗಿ ಪೊಲೀಸ್ರು ಬಂದು ಕೇಳಿದ್ರ ಏನ್ ಹೇಳಬೇಕ್ರಿ?" ಅಂದೆ. "ದಿಲ್ಲಿಯ ನಿರಾಶ್ರಿತರ ಕಚೇರಿ ಕೊಟ್ಟ ಕಾರ್ಡ್‌ನ್ಯಾಗ ಇರ್ರಿ ಅಂದಾರ. ಕೂಲಿ ಮಾಡ್ರಿ ಅಂದಿಲ್ಲ."

"ಪೊಲೀಸ್ರ ಸುದ್ದಿ ಬಿಡ್ರಿ," ಅಂದಳು ಶಮಶಾದಬಿ ಒಳಗಿನಿಂದ. "ನಿಮಗ ಇರೂದು ಊರ ಮಂದೀ ಅಂಜಿಕಿ."

ಅಷ್ಟರಲ್ಲಿ ಗುಂಡವ್ವ ಬೇಲಿಯ ಆಚೆ ಬಂದು ನಿಂತಳು. "ಯಾಕೋ ನಬ್ಯಾ, ಒದರಾಕತ್ತೀ? ನಿಮ್ಮ ಪಾವಣ್ಯಾ ನಮ್ಮ ಹೆಣ್ಣಾಳಿಗಿಂತ ಎರಡು ಸಾಲು ಮುಂದ ಇದ್ದ. ನೀ ಯಾವಾಗ ಬಗ್ಗೀದಿ ಹೊಲದಾಗ?"

"ನೀ ಸುಮ್ಮ ಹೋಗಬೇ," ಅಂದೆ. ಅವಳು ಹೋಗಲಿಲ್ಲ.

ಅಶ್ಫಾಕ ಮೆಲ್ಲಗೆ ಬಾಯಿ ಬಿಟ್ಟ. "ಅಣ್ಣಾ, ಅಲ್ಲಿ ಇವ್ರು ನನ್ನ ಒಂದಿನಾನೂ ಪಾವಣ್ಯಾ ಅಂತ ಕೂಡ್ಸಿರಲಿಲ್ಲ. ಹೊರಗ ಗುಂಡು ಹಾರ್ತಿದ್ವು, ನನ್ನ ಕೈಲೆ ಹಿಟ್ಟು ನಾದಿಸ್ತಿದ್ರು. ನೀರು ಸೇದಿಸ್ತಿದ್ರು. ಬೈತಿದ್ರು ಸೈತ."

"ಅದು ಅವರ ಕಡೀ ಪದ್ಧತಿ."

ಇದ್ರಿಸ್‌ಭಾಯಿ ಕಟ್ಟೆಯ ಮೇಲೆ ಕುಳಿತರು. ಬೆರಳುಗಳಲ್ಲಿ ಜೋಳದ ದಂಟು ಸೀಳಿದ ಗೆರೆಗಳಿದ್ದವು.

"ನನ್ನ ತಂಗೀ ಮಗ ಕೈರೋದಾಗ ಇದ್ದ," ಅಂದರು. "ಈಜಿಪ್ಟಿನವ್ರು ಪುಕ್ಕಟ ರೈಲು ಬಿಟ್ಟಾರ, ಸುಡಾನಿಗಿ ವಾಪಸ್ ಹೋಗೋರಿಗಿ. ಅವ ಹೋದ. ನನ್ನ ಮನಿ ಫೋಟೋ ಕಳಿಸಿದ. ಗ್ವಾಡಿ ಅದಾವ. ಬಾಗಿಲಿಲ್ಲ. ಗ್ವಾಡಿ ಒಳಗಿನ ವೈರೂ ಎಳಕೊಂಡು ಹೋಗ್ಯಾರ. ಬಾ ಅಂತಾನ. ನಾ ಬರಾಂಗಿಲ್ಲ ಅಂದೀನಿ. ಇಲ್ಲೇ ಇರ್ತೀನಿ ನಬಿಭಾಯಿ. ಬೇರೆಯವ್ರ ಹೊಲಕ್ಕ ಹೋಗಾಂಗಿಲ್ಲ. ನಿನ್ನ ಹೊಲದಾಗ ಕೆಲಸ ಕೊಡು. ಕೂಲಿ ಬ್ಯಾಡ. ಮನಿ ಮಂದಿ ಹಂಗ."

ಆಗಲಿ ಅನ್ನಬಹುದಿತ್ತು. ಗುಂಡವ್ವ ಬೇಲಿಯ ಆಚೆಯೇ ನಿಂತಿದ್ದಳು.

"ಪಾವಣೇರ ಕಡಿಂದ ದುಡಿಸಿಕೊಂಡು ತಿನ್ನೋ ಮಂದಿ ನಾವಲ್ರಿ."

"ಎಲ್ಲೀ ತನಕ ನಾ ಪಾವಣ್ಯಾ?"

"ಹೋಗೂತನಕ," ಅಂದೆ.

ಶಮಶಾದಬಿ ಹೊರಗೆ ಬಂದು ನನ್ನ ಮುಖ ನೋಡಿದಳು. ಇದ್ರಿಸ್‌ಭಾಯಿ ಬಸ್ಸಿನ ಹೊತ್ತು ಕೇಳಿ ತಿಳಿದುಕೊಂಡವರಂತೆ ತಲೆ ಆಡಿಸಿದರು. ಅಂಗಳಕ್ಕಿಳಿದು ಚೆಲ್ಲಿದ ತೆನೆಗಳನ್ನು ಒಂದೊಂದೇ ಆರಿಸಿ ಚೀಲಕ್ಕೆ ತುಂಬಿದರು. ಅವತ್ತು ಯಾರೂ ಅವರ ಕೈಯಿಂದ ಏನನ್ನೂ ಕಸಿಯಲಿಲ್ಲ. ಚೀಲದ ಬಾಯಿ ಕಟ್ಟಿ ಅಡುಗೆಮನೆಯ ಬಾಗಿಲಿಗೆ ಇಟ್ಟರು. ಕೈಕಾಲು ತೊಳೆದುಕೊಂಡು ಒಳಗೆ ಹೋದವರು ಪುಣೆಯಿಂದ ತಂದ ಬ್ಯಾಗು ಹಿಡಿದು ಬಂದರು.

ಶಮಶಾದಬಿಗೆ ಸಲಾಮ್ ಹೇಳಿದರು. ನನಗೂ ಹೇಳಿದರು. ನಾನು ತಿರುಗಿ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಸಿಟ್ಟು ಇಳಿಯಲಿ, ಮಸೀದಿಗೆ ಹೋಗಿ ಬರುತ್ತಾರೆ ಅಂದುಕೊಂಡೆ. ಸಂಜೆಯ ಮಗ್ರಿಬ್ ನಮಾಜು ಮುಗಿಯಿತು. ಮಂದಿ ಮನೆಗೆ ಹೋದರು. ಅಶ್ಫಾಕ ಗಾಡಿ ತೆಗೆದುಕೊಂಡು ಅವರನ್ನು ಹುಡುಕಲು ತಾಲೂಕು ಊರು ಇಂಡಿಗೆ ಹೋದ. ಅಂಥವರೊಬ್ಬರು ಸೊಲ್ಲಾಪುರದ ಬಸ್ಸಿನಲ್ಲಿ ಕುಳಿತರು ಎಂದು ಬಸ್ ನಿಲ್ದಾಣದ ಹಣ್ಣಿನವಳು ಹೇಳಿದಳಂತೆ. ಅವರ ಫೋನ್ ಸ್ವಿಚ್ ಆಫ್ ಆಗಿತ್ತು.

ಶಮಶಾದಬಿ ತಾಟು ಹಾಕಿದಳು. ಉಂಡೆ.

ಹತ್ತು ದಿನದ ಮೇಲೆ, ಅವರು ದಿಲ್ಲಿಯಲ್ಲಿ ತಮ್ಮ ದೇಶದ ರಾಯಭಾರ ಕಚೇರಿಯ ಮುಂದೆ, ಊರಿಗೆ ಹೋಗುವ ಕಾಗದಕ್ಕೆ ಸರದಿಯಲ್ಲಿ ನಿಂತಿದ್ದಾರೆಂದು ಅವರ ತಂಗಿಯ ಮಗನಿಂದ ಸುದ್ದಿ ಬಂತು. ಅಶ್ಫಾಕ ಅದನ್ನು ಶಮಶಾದಬಿಗೆ ಹೇಳಿದ, ನನಗಲ್ಲ. ನಾನು ಅಲ್ಲೇ ಕುಳಿತಿದ್ದೆ.