ಔಡಲೆಣ್ಣೆಯ ಕಡಲೆ

"ಇವು ನಮ್ಮ ಹುಳಾ ಅಲ್ಲ," ಎಂದಳು ಕಸ್ತೂರೆವ್ವ. ಬೀಜಕ್ಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಟ್ಟಿದ್ದ ಕಡಲೆಗೆ ಕೈ ಹಾಕಿದರೆ ಬೊಗಸೆಯಲ್ಲಿ ಅಲ್ಲಲ್ಲಿ ತೂತುಬಿದ್ದ ಕಾಳು, ಬೆರಳ ಸಂದಿಯಲ್ಲಿ ಹರಿದಾಡುವ ಕಂದು ಹುಳು.

ಸೊಸೆ ಸುನಿತಾ ಬಗ್ಗಿ ನೋಡಿ ನಕ್ಕಳು. "ಹುಳದ ಮ್ಯಾಲ ಹೆಸರು ಬರದಿರತೈತೇನ್ರಿ ಅತ್ತಿ?"

"ಗ್ವಾಡಿ ನೋಡ."

ಯಳವತ್ತಿಯ ಆ ದೊಡ್ಡ ಮನೆ ಪಾಲಾದಾಗ ನಡುವೆ ಎಬ್ಬಿಸಿದ ಗೋಡೆ ಅದು. ಅದರ ಬಿರುಕಿನಿಂದ ಹುಳುಗಳು ಒಂದೊಂದೇ ಇಳಿಯುತ್ತಿದ್ದವು. ಆಚೆಗೆ ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ಅಮೃತವ್ವನ ಮನೆ. ಪಾಲಿನ ಜಗಳದ ಮೇಲೆ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹಿಂಗಾರಿಗೆ ಇನ್ನೂ ತಿಂಗಳುಗಳಿದ್ದವು. ಅಷ್ಟರಲ್ಲಿ ಬೀಜವೆಲ್ಲ ಹಿಟ್ಟಾಗುವುದು ಖಂಡಿತ. ಕಸ್ತೂರೆವ್ವ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅಮೃತವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಕಡಲೆ ಆರಿಸುತ್ತಿದ್ದಳು. ಹುಳು ಮುಂಗೈ ಹತ್ತಿ ಬಳೆ ದಾಟಿದರೂ ಕೊಡವಲಿಲ್ಲ. ತೂತು ಕಾಳನ್ನು ಒಳ್ಳೆಯದರ ಕಡೆಗೇ ಹಾಕಿದಳು. ತಲೆ ಎತ್ತಿ, "ಯಾರದು? ಚನ್ನಮ್ಮೇನ?" ಎಂದಳು.

ಕಸ್ತೂರೆವ್ವನ ಬಾಯಿತನಕ ಬಂದ ಬೈಗುಳ ಅಲ್ಲೇ ನಿಂತಿತು. "ಅಕ್ಕಾ, ಕಣ್ಣು ಯಾವಾಗಿಂದ ಹಿಂಗಾಗ್ಯಾವು?"

ದನಿಯ ಗುರುತು ಹಿಡಿದ ಅಮೃತವ್ವ ಮೊರ ಕೆಳಗಿಟ್ಟಳು. "ಪೊರಿ ಬಂದೈತಿ. ಮುಂಗಾರಿ ಹೆಸರು ಬಿತ್ತಿ ಗದಗಕ್ಕ ಕರಕೊಂಡ ಹೊಕ್ಕೀನಿ ಅಂದಾನ ಮಗಾ. ಕಾಳು ಹಸನ ಅದಾವಿಲ್ಲೋ?"

ಕಸ್ತೂರೆವ್ವ ಮೊರ ಎಳೆದುಕೊಂಡು ಕೇರತೊಡಗಿದಳು. ಕೇರುವ ಸದ್ದಿಗೆ ಅತ್ತೆಯ ಕಾಲ ಕಣ್ಣಮುಂದೆ ಬಂತು. ಶಿವರಾತ್ರಿ ಕಳೆದ ಬಿಸಿಲಿಗೆ ಕಡಲೆ ಒಣಗಿಸಿ, ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸುರಿದು, ಹೊಸ ಸೊಸೆಯರಿಬ್ಬರನ್ನೂ ರಾಶಿಯ ಎದುರುಬದುರು ಕೂಡಿಸುತ್ತಿದ್ದಳು ಅತ್ತೆ. ಕಾಳಿನಡಿಯಲ್ಲಿ ಅಮೃತವ್ವ ಕಿರುಬೆರಳು ಹಿಡಿದೆಳೆದರೆ ಕಸ್ತೂರೆವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಕೈ ಆಡಸ್ರೆ, ಹಲ್ಲಲ್ಲ," ಎಂದು ಅತ್ತೆ ಗದರುತ್ತಿದ್ದಳು. ಮಣ್ಣಿನ ಹರವಿಯ ತಳಕ್ಕೆ ಬೇವಿನ ಸೊಪ್ಪು, ಬಾಯಿಗೆ ಬೂದಿ. ಆ ಕಡಲೆಯನ್ನು ಹುಳು ಮುಟ್ಟುತ್ತಿರಲಿಲ್ಲ.

"ಔಡಲೆಣ್ಣಿ ಐತೇನ?"

"ತಲಿ ಎರಕೊಳ್ಳಾಕ ಇಟ್ಟದ್ದೈತಿ. ಒಲಿ ಮಗ್ಗಲಕ."

"ನಾ ತರ್ತೀನಿ, ನೀ ಕುಂದರು. ನಮ್ಮ ಚೀಲಾನೂ ಇಲ್ಲಿಗೇ ಹೊರಸ್ತೀನಿ."

ಎರಡೂ ಮನೆಯ ಕಡಲೆ ಕೇರಿ, ಬಿಸಿಲಿಗೆ ಹರವಿ, ಉಳಿದ ಒಳ್ಳೆಯ ಕಾಳಿಗೆ ಎಣ್ಣೆ ಹಾಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಬ್ಬರ ಕೈಗಳೂ ಮೊಣಕೈತನಕ ಮಿರುಗುತ್ತಿದ್ದವು. ಅಮೃತವ್ವನ ಕೆನ್ನೆಯ ಮೇಲೆ ಬಿಳಿಗೂದಲೊಂದು ಇಳಿಬಿದ್ದಿತ್ತು. ಕಸ್ತೂರೆವ್ವ ಮುಂದಕ್ಕೆ ಬಗ್ಗಿ ಮುಂಗೈಯಿಂದ ಅದನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಹುಳಾ ಹತ್ತಿತ್ತೇನ?"

"ಇಲ್ಲ. ಕೂದ್ಲ."

ಅಮೃತವ್ವ ಮುಖವನ್ನು ಅವಳತ್ತ ಇನ್ನಷ್ಟು ತಿರುಗಿಸಿದಳು.