ಮಾರುತಿ ಗುಡಿಯ ಎರಡು ಭೂಮಿಗಳು

ಪುಣೆಯ ಆಗಾಶೆ ಮಾಸ್ತರು ಸೂರ್ಯನ ಹಿಂದೆ ಒಂದು ಭೂಮಿಯನ್ನು ಬಚ್ಚಿಟ್ಟರು. ಜೋಗಳೇಕರ ಪ್ರೊಫೆಸರು ಅದನ್ನು ಒಂದೇ ಅಂಚೆ ಕಾರ್ಡಿನಲ್ಲಿ ಹೊರಗೆಳೆದು ಹಾಕಿದರು. ಜಗಳ ಅಂದರೆ ಇಷ್ಟೇ.

ಬಚ್ಚಿಟ್ಟದ್ದು ಕಥೆಯೊಳಗೆ. ಹೋದ ವರ್ಷದ ದೀಪಾವಳಿ ವಿಶೇಷಾಂಕಕ್ಕೆ ಮಾಸ್ತರು ಬರೆದ ವೈಜ್ಞಾನಿಕ ಕಥೆಯಲ್ಲಿ, ಸೂರ್ಯನ ಆಚೆ ಬದಿಗೆ, ನಮ್ಮ ಭೂಮಿಯ ದಾರಿಯಲ್ಲೇ, ಅದರ ವೇಗದಲ್ಲೇ ಇನ್ನೊಂದು ಭೂಮಿ ಸುತ್ತುತ್ತಿತ್ತು. ನಡುವೆ ಸೂರ್ಯ ಅಡ್ಡ; ಇವರಿಗೆ ಅವರು ಕಾಣರು, ಅವರಿಗೆ ಇವರು ಕಾಣರು. ಆ ಜಾಗಕ್ಕೆ ಮೂರನೇ ಲಗ್ರಾಂಜ್ ಬಿಂದು ಅಂತ ಹೆಸರು. ಅಲ್ಲಿಯ ಜನ ಕೋಟಿ ವರ್ಷದಿಂದ ಯಾರ ಕಾಟವೂ ಇಲ್ಲದೆ ಪುರಣಪೋಳಿ ತಿಂದುಕೊಂಡು ಆರಾಮವಾಗಿದ್ದಾರೆ ಅಂತ ಮಾಸ್ತರ ಕಥೆ.

ಪ್ರೊಫೆಸರು ಸಂಪಾದಕ ಪರಚುರೆಗೆ ಕಾರ್ಡು ಗೀಚಿದರು: ‘ಆ ಬಿಂದುವಿನಲ್ಲಿ ಯಾವುದೂ ನಿಲ್ಲದು. ಕೂದಲೆಳೆಯಷ್ಟು ಜರುಗಿದರೂ ಜಾರುತ್ತಾ ಹೋಗಿ ನೂರೈವತ್ತು ವರ್ಷದೊಳಗೆ ಬಯಲಿಗೆ ಬರುತ್ತದೆ. ಲೇಖಕರ ಮಾಹಿತಿಗಾಗಿ.’ ಆ ಪುಣ್ಯಾತ್ಮ ಪರಚುರೆ ಅದನ್ನು ಚೌಕಟ್ಟು ಕಟ್ಟಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ. ಪ್ರೊಫೆಸರೋ ನಲವತ್ತು ವರ್ಷದ ಗೆಳೆಯ! ಮನೆಗೆ ಬಂದು ಬೈದಿದ್ದರೆ ಆಗುತ್ತಿರಲಿಲ್ಲವೇ? ‘ಲೇಖಕರ’ ಅಂತೆ, ‘ಮಾಹಿತಿಗಾಗಿ’ ಅಂತೆ! ಇನ್ನು ಅವನ ಮನೆ ಮೆಟ್ಟಿಲು ಹತ್ತಿದರೆ ಕೇಳಿ ಎಂದು ಮಾಸ್ತರು ಆಣೆ ಇಟ್ಟರು. ಆ ಕಡೆಯಿಂದಲೂ ಅಂಥದ್ದೇ ಆಣೆ ಬಿತ್ತು.

ಕಷ್ಟ ಬಂದದ್ದು ಮಾರುತಿ ಗುಡಿಯಲ್ಲಿ. ಮಧ್ಯಾಹ್ನ ನಿದ್ದೆ, ನಾಲ್ಕಕ್ಕೆ ಚಹಾ, ಐದಕ್ಕೆ ಇಪ್ಪತ್ತೊಂದು ಪ್ರದಕ್ಷಿಣೆ. ಇಬ್ಬರದೂ ಇದೇ ವೇಳಾಪಟ್ಟಿ. ಹೊತ್ತು ಬದಲಿಸಿದವನು ಸೋತ ಹಾಗೆ; ಇಬ್ಬರೂ ಬದಲಿಸಲಿಲ್ಲ. ಮಾಸ್ತರು ಮುಂಬಾಗಿಲಿನಿಂದ ಬರುವರು, ಪ್ರೊಫೆಸರು ಹಿಂದಿನ ಅತ್ತಿಮರದ ಬಾಗಿಲಿನಿಂದ. ಪ್ರದಕ್ಷಿಣೆ ಹೇಗೂ ಒಂದೇ ದಿಕ್ಕು. ಪ್ರತಿ ಸುತ್ತಿಗೂ ಮುಂದಿನ ಗಂಟೆ ಬಾರಿಸಬೇಕು. ಇವರು ಢಣ್ ಎನಿಸಿದಾಗ ಅವರು ಅತ್ತಿಮರದ ಹತ್ತಿರ, ಅವರು ಢಣ್ ಎನಿಸಿದಾಗ ಇವರು ಅಲ್ಲಿ. ಆ ಸದ್ದು ಕೇಳಿ ಕೇಳಿಯೇ ಹೆಜ್ಜೆ ಹೊಂದಿಸಿಕೊಂಡು ಹನ್ನೊಂದು ತಿಂಗಳು ಕಳೆದರು. ಒಬ್ಬರ ಧೋತರದ ಚುಂಗೂ ಇನ್ನೊಬ್ಬರ ಕಣ್ಣಿಗೆ ಬೀಳಲಿಲ್ಲ.

ಈಗ ಪರಚುರೆ ಹೊಸ ಫಜೀತಿ ತಂದಿಟ್ಟಿದ್ದ. “ಮಾಸ್ತರ್, ಈ ಸಲದ ಕಥೆಗೆ ತಪ್ಪಿಲ್ಲ ಅಂತ ಪ್ರೊಫೆಸರ ಸಹಿ ಬೇಕು. ನನಗೆ ಇನ್ನೊಂದು ಕಾರ್ಡು ಬೇಡಪ್ಪ. ನಾಳೆ ಮಧ್ಯಾಹ್ನದೊಳಗೆ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ.” ಇಪ್ಪತ್ತೆರಡು ವರ್ಷ ಒಂದೂ ದೀಪಾವಳಿ ತಪ್ಪದೆ ಪರಿವಿಡಿಯಲ್ಲಿ ಬಂದ ಹೆಸರು ಮಾಸ್ತರದು.

“ಅಹೋ, ಹೋಗಿ ಕೇಳಬಾರದಾ?” ಎಂದರು ಹೆಂಡತಿ ಇಂದೂತಾಯಿ.

“ಅವನ ಮನೆಗೆ? ಆಗಲ್ಲ. ದಾರೀಲಿ ಎದುರಾದ್ರೆ ಕೇಳ್ತೀನಿ.”

“ಎದುರಾಗದ ಹಾಗೆ ನೋಡ್ಕೊಳ್ಳೋರೂ ನೀವೇ ಅಲ್ವಾ?”

ಮಾಸ್ತರು ಹಸ್ತಪ್ರತಿಯನ್ನು ಕೈಚೀಲಕ್ಕೆ ತುರುಕಿ ಹೊರಟರು. ಎದುರಾಗಬೇಕು, ಆದರೆ ತಾನಾಗಿ ಆದ ಹಾಗೆ ಕಾಣಬೇಕು. ಅದಕ್ಕೆ ನಾಲ್ಕನೇ ಸುತ್ತಿಗೆ ನಡಿಗೆ ನಿಧಾನ ಮಾಡಿದರು. ಆಚೆಯ ಗಂಟೆಯೂ ನಿಧಾನವಾಯಿತು. ಜೋರು ಮಾಡಿದರು, ಅದೂ ಜೋರಾಯಿತು. ಏಳನೇ ಸುತ್ತಿನ ಹೊತ್ತಿಗೆ ಇಬ್ಬರು ಮುದುಕರು ಮಾರುತಿಯ ಸುತ್ತ ಓಡುವುದೊಂದು ಬಾಕಿ.

ಮೂಲೆಯಲ್ಲಿ ಹೂವು ಮಾರುವ ಹೀರಾಬಾಯಿ ಬುಟ್ಟಿ ಬಿಟ್ಟು ಎದ್ದಳು. “ಆಜೋಬಾ, ನಾಯಿ ಗೀಯಿ ಬೆನ್ನು ಹತ್ತಿದೆಯಾ?”

ಮಾಸ್ತರು ಕೈ ಬೀಸಿ ಮುಂದೆ ನಡೆದರು. ಹುಟ್ಟಿ ಅರವತ್ತೆಂಟು ವರ್ಷದಲ್ಲಿ ಮಾಡದ ಕೆಲಸವನ್ನು ಮಾಡಲು ನಿಶ್ಚಯಿಸಿದರು. ‘ಮಾರುತಿರಾಯಾ, ತಪ್ಪಾಯ್ತು’ ಎಂದು ಕೆನ್ನೆ ಬಡಿದುಕೊಂಡು ಗಿರಕ್ಕನೆ ತಿರುಗಿ ಉಲ್ಟಾ ಸುತ್ತು ಹೊರಟರು. ಇನ್ನೆಲ್ಲಿ ತಪ್ಪಿಸಿಕೊಳ್ಳುತ್ತಾನೆ, ನೋಡೇ ಬಿಡೋಣ! ಅರ್ಧ ಸುತ್ತಾಯಿತು, ಯಾರೂ ಇಲ್ಲ. ಪೂರ್ತಿ ಸುತ್ತಾಯಿತು. ಊಹೂಂ.

ಹೀರಾಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ನೀವು ತಿರುಗಿದ ಗಳಿಗೇಲೇ ಅವರೂ ತಿರುಗಿದ್ರು! ಅಯ್ಯೋ ದೇವರೇ, ಇಬ್ಬರಲ್ಲಿ ಒಬ್ಬರಾದ್ರೂ ನಿಂತ್ಕೊಳ್ರಪ್ಪಾ!”

ಅಂದರೆ ಅವನೂ ತನ್ನನ್ನೇ ಹುಡುಕುತ್ತಿದ್ದಾನೆ. ಹನ್ನೊಂದು ತಿಂಗಳು ಈ ಹಾಳು ಗಂಟೆಯ ಸದ್ದಿಗೇ ಕಿವಿ ಕೊಟ್ಟುಕೊಂಡು ಬದುಕಿದ್ದೆನಲ್ಲ ಅಂತ ಮಾಸ್ತರಿಗೆ ಅನ್ನಿಸಿತು. ಅತ್ತಿಮರದ ಬುಡದಲ್ಲಿ ಧೊಪ್ಪನೆ ಕೂತುಬಿಟ್ಟರು.

ಸ್ವಲ್ಪ ಹೊತ್ತಿಗೆ ಚಪ್ಪಲಿಯಿಲ್ಲದ ಹೆಜ್ಜೆ ಸಪ್ಪಳ. ಪ್ರೊಫೆಸರು ಏದುಸಿರು ಬಿಡುತ್ತಾ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಬರಬಾರದ ದಿಕ್ಕಿನಿಂದ ಬಂದರು.

“ಯಾಕೋ ನಿಂತೆ?”

“ಸುಸ್ತಾಯ್ತು.”

“ನಿಂತ ಗ್ರಹ ಏನಾಗತ್ತೆ ಗೊತ್ತಾ? ನೆಟ್ಟಗೆ ಹೋಗಿ ಸೂರ್ಯನ ಮೇಲೆ ಬೀಳತ್ತೆ.”

“ಬಿದ್ದೆ ಅಂತಲೇ ಬರ್ಕೋ.” ಮಾಸ್ತರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. “ನಿನ್ನ ಕಾರ್ಡು ಸರಿ ಇತ್ತು ಮಾರಾಯ.”

“ಎಲ್ಲಿ ಸರಿ? ನೂರೈವತ್ತು ವರ್ಷ ಅಂತ ಬರೆದಿದ್ದೆ. ಹನ್ನೆರಡು ತಿಂಗಳೂ ತಡೀಲಿಲ್ಲ ನೋಡು.”

ಪ್ರೊಫೆಸರು ಪಕ್ಕದಲ್ಲೇ ಕುಕ್ಕರಿಸಿ, “ಪರಚುರೆ ಹೇಳಿದ” ಎನ್ನುತ್ತಾ ಕೇಳದೆಯೇ ಕೈಚೀಲಕ್ಕೆ ಕೈ ಹಾಕಿದರು. ಹಸ್ತಪ್ರತಿಯ ಕೊನೆಯ ಹಾಳೆ ತೆಗೆದು, ಮೇಲಿನ ಒಂದು ಸಾಲನ್ನೂ ನೋಡದೆ ಕೆಳಗೆ ಸಹಿ ಜಡಿದರು. ನಲವತ್ತು ವರ್ಷದಲ್ಲಿ ಈ ಮನುಷ್ಯ ಓದದೆ ಒಂದು ರಸೀದಿಗೂ ಸಹಿ ಹಾಕಿದ್ದನ್ನು ಮಾಸ್ತರು ಕಂಡಿರಲಿಲ್ಲ.

“ಲೇ, ಓದಲ್ವೇನೋ? ತಪ್ಪಿದ್ರೆ?”

“ಇದ್ದೇ ಇರತ್ತೆ.” ಪ್ರೊಫೆಸರು ಮಂಡಿ ಹಿಡಿದುಕೊಂಡು ಎದ್ದು ಕೈ ಚಾಚಿದರು. “ಏಳು, ನಿಮ್ಮನೆಗೆ ನಡಿ. ಇಂದೂ ವೈನಿ ಕೈಯ ಚಹಾ ಕುಡಿದು ವರ್ಷವಾಯ್ತು. ಈ ಸಲ ಮನೇಲೇ ಕೂತು ಬೈತೀನಿ.”