ಬಣ್ಣ ಸವೆದ ಅಂಚು

ಸತ್ತ ಮೇಲೆ ನಾಲ್ಕನೇ ಅಮಾವಾಸ್ಯೆಗೆ ಅಮರೇಶ ಬಂದು ಹೆಂಡತಿಯ ಕೈ ಮುಟ್ಟಿದ.

ಹಾಗಂತ ಉಮಾಶ್ರೀ ನಂಬಿದಳು. ನಂಬದೆ ಏನು ಮಾಡಬೇಕಿತ್ತು ಹೇಳಿ? ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಖೋಲಿಯಲ್ಲೇ ಅವಳ ಗಂಡ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ. ಒಂದು ಕಾಲಕ್ಕೆ ಅದು ಅತ್ತೆ ಕಳಕವ್ವನ ಕೈಮಗ್ಗವಿದ್ದ ಖೋಲಿ. ರಾಜೂರ, ಅಸೂಟಿ ಕಡೆಯ ಜನ ಹೊಲದ ಪಹಣಿಯ ಉತಾರ ತೆಗೆಸಲು, ರೇಷನ್ ಕಾರ್ಡಿಗೆ ಹೆಬ್ಬೆರಳು ಒತ್ತಲು ಅಲ್ಲಿಗೇ ಬರುತ್ತಿದ್ದರು. ಅಮರೇಶನ ಬೈಕಿಗೆ ಟ್ರ್ಯಾಕ್ಟರ್ ಹಾಯ್ದು ಅವನು ಹೋದ ಮೇಲೆ, ತಿಂಗಳು ತುಂಬುವುದರೊಳಗೆ ಉಮಾಶ್ರೀ ಅಂಗಡಿಯ ಬಾಗಿಲು ತೆರೆದು ಕುಳಿತಳು. ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಇಡಲಿ ಬಿಡಿ, ಅವಳ ಮನೆಯ ಒಲೆ ಅವರೇನು ಹಚ್ಚುತ್ತಿದ್ದರೇ?

ಅಂಗಡಿಯಲ್ಲಿ ಹಸಿರು ಬಣ್ಣದ ಒಂದು ಕಬ್ಬಿಣದ ಮೇಜಿತ್ತು. ಕಳ್ಳರ ಹೆದರಿಕೆಗೆ ಅಮರೇಶ ಕಂಪ್ಯೂಟರಿನ ತಗಡಿನ ಡಬ್ಬಿಯನ್ನು ಮೇಜಿಗೇ ನಟ್ಟು ಹಾಕಿ ಬಿಗಿದಿದ್ದ. ಮೌಸ್ ಹಿಡಿದ ಅವನ ಮುಂಗೈ ವರ್ಷಗಟ್ಟಲೆ ಊರಿ ಊರಿ, ಮೇಜಿನ ಅಂಚಿನಲ್ಲಿ ಅಂಗೈಯಗಲ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅಂಗಡಿಗೆ ಕುಳಿತ ಮೊದಲ ದಿನದಿಂದ ಉಮಾಶ್ರೀಯೂ ಮುಂಗೈಯನ್ನು ಅಲ್ಲೇ ಊರುತ್ತಿದ್ದಳು.

ಆ ವಾರವಷ್ಟೇ ಅವಳು ಬಸ್‌ಸ್ಟ್ಯಾಂಡಿನ ಎದುರಿನ ಕೈಗಾಡಿಯಲ್ಲಿ ಒಂದು ಹಬ್ ಕೊಂಡಿದ್ದಳು. ಬೆರಳಚ್ಚಿನ ಯಂತ್ರ, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಒಂದೇ ಕಡೆ ಸಿಗಿಸುವ ನಾಲ್ಕು ಬಾಯಿಯ ಪೆಟ್ಟಿಗೆ. ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಲು ಜೊತೆಗೇ ಒಂದು ಅಡಾಪ್ಟರ್. ಹೆಸರಿಲ್ಲ, ಕುಲವಿಲ್ಲ, ಕೈಯಲ್ಲಿ ಹಿಡಿದರೆ ಒಳಗೆ ಏನಾದರೂ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅವಳು ಅದರ ಕಡೆ ಎರಡನೇ ಸಲ ನೋಡಲಿಲ್ಲ.

ಅಮಾವಾಸ್ಯೆ ಬಂತು. ಅಂಗಡಿ ಪೂಜೆಗೆಂದು ಫರಸಿಕಲ್ಲಿನ ನೆಲ ತೊಳೆದಳು. ಅಮರೇಶ ಯಾವಾಗಲೂ ಕಾಲಡಿ ಇಟ್ಟುಕೊಳ್ಳುತ್ತಿದ್ದ ಮರದ ಹಲಗೆಯನ್ನೂ ತೊಳೆದು ಹೊರಗೆ ಬಿಸಿಲಿಗೆ ಹಾಕಿದಳು. ಅನ್ನ ಕೊಡುವ ಜಾಗವೆಂದು ಅಲ್ಲಿ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಹಸಿ ನೆಲದ ಮೇಲೆ ಬರಿಗಾಲೂರಿ ಕುಳಿತು ಮುಂಗೈ ಊರಿದಳು ನೋಡಿ, ಜುಮ್ ಎಂದಿತು.

ಅಯ್ಯೋ ಶಿವನೇ! ಅವಳು ತಪ್ಪು ಟೈಪು ಮಾಡಿದಾಗ ಅಮರೇಶ ಎರಡು ಬೆರಳಿನಿಂದ ಮುಂಗೈಗೆ ಮೆಲ್ಲಗೆ ಬಡಿಯುತ್ತಿದ್ದ. ಅದೇ ಜಾಗಕ್ಕೇ ಜುಮ್ ಎಂದಿತ್ತು. ಅವಳು ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿ ಹಾಗೇ ಕುಳಿತಳು.

ಮರುದಿನ ಹಲಗೆ ಕಾಲಡಿಗೆ ಬಂತು, ಅವನು ಬರಲಿಲ್ಲ. ತಿಂಗಳಿಡೀ ಬರಲಿಲ್ಲ. ಮುಂದಿನ ಅಮಾವಾಸ್ಯೆಗೆ ತಪ್ಪದೆ ಬಂದ. ಅಮಾವಾಸ್ಯೆಗೆ ಬರುವವರು ಯಾರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಮುಂದಿನ ಸಲ ಅವನಿಗೆ ಇಷ್ಟವಾದ ನೀಲಿ ಸೀರೆ ಉಟ್ಟು ಕುಳಿತಳು.

ಅವತ್ತೇ ನೆರೆಮನೆಯ ಕಾಶೀಂಬಿ ರೇಷನ್ ಕಾರ್ಡಿನ ಕೆಲಸಕ್ಕೆ ಬಂದಳು. ಪರದೆಯ ಮೇಲೆ ತನ್ನ ಹೆಸರು ಸರಿಯಾಗಿ ಬಂದಿದೆಯೋ ಎಂದು ನೋಡಲು ಮೇಜು ಸುತ್ತಿ ಈ ಕಡೆ ಬಂದವಳು, ಬಣ್ಣ ಸವೆದ ಅಂಚಿಗೇ ಕೈಯೂರಿದಳು.

"ಯಾ ಅಲ್ಲಾ! ಜುಮ್ ಅಂತಲ್ಲಬೇ ಇದು! ಕರೆಂಟ್ ಬರಾಕತ್ತೈತಿ. ಲಗೂನ ಯಮನೂರಗ ತೋರ್ಸು."

ಅರವತ್ತು ದಾಟಿದ ಆ ಮುದುಕಿಯ ಮೇಲೆ ಉಮಾಶ್ರೀಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತ ಗಂಡ ನೆರೆಮನೆಯವಳ ಕೈಯನ್ನೂ ಹಿಡಿಯುತ್ತಾನೆಯೇ?

"ನಿಮ್ಮ ಕೈಗೆ ವಾಯು ಆಗಿರಬೇಕ್ರಿ" ಎಂದು ಮುಖ ಗಂಟಿಕ್ಕಿ ಅವಳನ್ನು ಸಾಗಹಾಕಿದಳು. ಖರೇ ಹೇಳಬೇಕೆಂದರೆ ಅವಳಿಗೆ ಆವತ್ತೇ ಅರ್ಧ ತಿಳಿದುಹೋಗಿತ್ತು. ಉಳಿದರ್ಧ ತಿಳಿಯುವುದು ಬೇಡವಾಗಿತ್ತು.

ಕಾಶೀಂಬಿ ಸುಮ್ಮನಿರುವ ಪೈಕಿಯಲ್ಲ. ಅವಳ ಮಾತು ಕೇಳಿ ಅಮರೇಶನ ಗೆಳೆಯ, ವೈರಿಂಗ್ ಕೆಲಸದ ಯಮನೂರ ಟೆಸ್ಟರ್ ಹಿಡಿದು ಬಂದ.

"ವೈನಿ, ಒಂದ ನಿಮಿಷ. ಪ್ಲಗ್ ನೋಡಿ ಹೊಕ್ಕೀನಿ."

"ಏನೂ ಆಗಿಲ್ರಿ. ಗಿರಾಕಿ ಅದಾರ."

"ಕಾಶೀಂಬಿ ಹೇಳಿದ್ಲು..."

"ಬ್ಯಾಡ ಅಂದ್ನೆಲ್ರಿ!"

ಅವನು ಬೆಚ್ಚಿ ಹೊಸ್ತಿಲಿಂದಲೇ ತಿರುಗಿದ. ಅವನು ಏನಾದರೂ ಒಂದು ತಂತಿ ಕಿತ್ತು, ಒಂದು ತಂತಿ ಹಚ್ಚಿ, ಅಮರೇಶನನ್ನು ಎರಡನೇ ಸಲ ಸಾಯಿಸಿಬಿಟ್ಟರೆ? ಆ ಹೆದರಿಕೆಗೆ ಉಮಾಶ್ರೀ ಅವನು ಓಣಿ ದಾಟುವವರೆಗೂ ಬಾಗಿಲಲ್ಲೇ ನಿಂತಳು.

ಬೇಸಿಗೆ ಬಂತು. ಬಿಸಿಲು ಏರಿದಂತೆ ಅವನ ಮುಟ್ಟುವಿಕೆಯೂ ಬಿರುಸಾಯಿತು. ಈಗ ಅದು ಮೊಣಕೈವರೆಗೆ ಏರುತ್ತಿತ್ತು. ಸಿಟ್ಟಾಗಿದ್ದಾನೆಯೇ, ಕರೆಯುತ್ತಿದ್ದಾನೆಯೇ ಎಂದು ಅವಳು ಹೆದರಿದಳು. ಹೆದರಿದರೂ ಕೈ ತೆಗೆಯಲಿಲ್ಲ. ಹಾಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕುಳಿತಿದ್ದಾಗ ಒಳಬಾಗಿಲಲ್ಲಿ ಅತ್ತೆ ನಿಂತಿದ್ದಳು.

"ಏನಾಗೇತಬೆ ಉಮಾ? ಅಳಾಕತ್ತೀಯೋ, ನಗಾಕತ್ತೀಯೋ?"

ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದವಳು ಎಲ್ಲ ಹೇಳಿಬಿಟ್ಟಳು. ಕಳಕವ್ವ ನಗಲಿಲ್ಲ, ಬೈಯಲಿಲ್ಲ. ಸೊಸೆಯ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಒಬ್ಬಾಕಿನ ಇಟಗೊಂಡಿ ಅಲಾ ಇಷ್ಟ ದಿನಾ? ನನಗೂ ಕೊಡಬೆ ಒಂಚೂರು. ನಾ ಹಡದಾಕಿ."

ಮುಂದಿನ ಅಮಾವಾಸ್ಯೆಗೆ ಉಮಾಶ್ರೀಯೇ ಅತ್ತೆಯನ್ನು ಕರೆತಂದು ಕೂರಿಸಿದಳು. ನೆಲ ಹಸಿಯಾಗಿತ್ತು. ಒಡೆದ ಕಾಯಿಯ ನೀರು ಮುದುಕಿಯ ಕೈಗೆಲ್ಲ ತಾಗಿತ್ತು. "ಇಲ್ಲಿ ಹಿಡೀರಿ ಅತ್ತಿ" ಎಂದು ತೋರಿಸಿದ್ದೂ ಉಮಾಶ್ರೀಯೇ. ತಾಯಿ ಮಗನ ಕೈ ಹಿಡಿಯುವ ಹಾಗೆ ಕಳಕವ್ವ ಅಂಚನ್ನು ಇಡೀ ಅಂಗೈಯಿಂದ ಹಿಡಿದಳು.

"ಬಂದಾನ..." ಎಂದಳು. ಆಮೇಲೆ ಮಾತಿಲ್ಲ. ಬಾಯಿ ತೆರೆದೇ ಇತ್ತು, ಕುತ್ತಿಗೆಯ ನರ ಸೆಟೆದು ನಿಂತಿತ್ತು. ಬಿಡಬೇಕೆಂದರೂ ಮುಷ್ಟಿ ಬಿಚ್ಚುತ್ತಿರಲಿಲ್ಲ.

ಆ ಕ್ಷಣಕ್ಕೆ ಉಮಾಶ್ರೀಗೆ ಉಳಿದರ್ಧವೂ ತಿಳಿಯಿತು: ಹಲಗೆಯಿಲ್ಲದ ಹಸಿ ನೆಲಕ್ಕೆ ಬರುತ್ತಿದ್ದುದು ಕರೆಂಟೇ. ಸ್ವಿಚ್ಚು ಮುದುಕಿಯ ಬೆನ್ನ ಹಿಂದಿತ್ತು, ಅವಳನ್ನು ಮುಟ್ಟದೆ ಕೈ ನಿಲುಕುತ್ತಿರಲಿಲ್ಲ. ಹೊರಗೆ ಓಡಿದಳು. ಬಿಸಿಲಿಗೆ ಒಣಗಿದ್ದ ಹಲಗೆಯನ್ನು ಎತ್ತಿ ತಂದು, ಅತ್ತೆಯ ತೋಳಿಗೆ ಬಲವಾಗಿ ಹೊಡೆದಳು. ಕೈ ಬಿಟ್ಟಿತು. ಮುದುಕಿ ನೆಲಕ್ಕೆ ಉರುಳಿದಳು.

ಕಳಕವ್ವ ಉಳಿದದ್ದು ಪುಣ್ಯ. ದವಾಖಾನಿಯಿಂದ ಅಂಗೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ದಿನವೇ ಯಮನೂರ ಬಂದ. ಈ ಸಲ ಅವನನ್ನು ಯಾರೂ ತಡೆಯಲಿಲ್ಲ. ಆ ಹಗುರ ಅಡಾಪ್ಟರನ್ನು ಒಡೆದು ತೋರಿಸಿದ. ಒಳಗೆ ಕರ್ರಗೆ ಸುಟ್ಟಿತ್ತು.

"ನೋಡ್ರಿ ವೈನಿ, ಕರೆಂಟ್ ದಾಟದಂಗ ನಡಬರಕ ಬರೇ ಒಂದ ತುಣುಕ ಕಾಗದ ಇಟ್ಟಾರ. ಅದೂ ಸುಟ್ಟೈತಿ. ಗ್ವಾಡಿ ಕರೆಂಟ್ ಹಬ್‌ನಿಂದ ಸೀದಾ ಕಂಪ್ಯೂಟರ್ ಡಬ್ಬಿಗೆ, ಡಬ್ಬಿಯಿಂದ ಟೇಬಲ್ಲಿಗೆ. ಆದ್ರ ಅರ್ತಿಂಗ್ ಐತೆಲ್ಲ? ನಾನ ಹಾಕಿಕೊಟ್ಟೀನಿ. ಅದು ಕರೆಂಟ್ ನೆಲಕ್ಕ ಎಳಕೋಬೇಕಿತ್ತು."

ಹಿತ್ತಲಿಗೆ ಹೋದರು. ಗೋಡೆಯ ಮೂಲೆಯಲ್ಲಿ ಉಪ್ಪು, ಇದ್ದಿಲು ತುಂಬಿ, ಕೊಳವೆ ಹೂತಿದ್ದ ತಗ್ಗು. ಮಣ್ಣು ಬಿರುಕು ಬಿಟ್ಟು, ಕೊಳವೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು.

"ಪೂರಾ ಒಣಗೇತ್ರಿ. ಒಣಾ ಮಣ್ಣು ಕರೆಂಟ್ ಎಳಕೊಳ್ಳಂಗಿಲ್ಲ. ಇದಕ್ಕ ನೀರ ಯಾರ ಹಾಕತಿದ್ರಿ?"

ಒಳಗೆ ಮಂಚದ ಮೇಲಿಂದ ಕಳಕವ್ವ ಹೇಳಿದಳು: "ಅಂವ ಹಾಕತಿದ್ದ. ದಿನಾ ಜಳಕಾ ಆದಮ್ಯಾಲೆ ಒಂದ ಚರಗಿ. ಯಾವ ದೇವ್ರಿಗೆ ಹಾಕತಾನೋ ಅಂತಿದ್ದೆ ನಾನು."

ಉಮಾಶ್ರೀ ಬಗ್ಗಿ ಕೊಳವೆಯ ಬಾಯಿಯ ಬಲೆ ತೆಗೆದಳು. ಆ ಚರಗಿಗಾಗಿ ಅವಳು ಎಷ್ಟು ಸಲ ಜಗಳ ತೆಗೆದಿಲ್ಲ! "ನಳಾ ವಾರಕ್ಕೊಮ್ಮಿ ಬರತಾವು, ನೀವು ಮಣ್ಣಿಗೆ ಸುರೀರಿ" ಎಂದು ಬೈದಿದ್ದಳು. ಅವನು ನಕ್ಕು ಸುರಿಯುತ್ತಲೇ ಇದ್ದ. ಅವನಿದ್ದಷ್ಟು ವರ್ಷ ಆ ಮೇಜು ಯಾರ ಕೈಗೂ ಜುಮ್ ಎಂದಿರಲಿಲ್ಲ. ಅವನು ಬಂದ ಎಂದು ಅವಳು ನೀಲಿ ಸೀರೆ ಉಟ್ಟು ಕುಳಿತಾಗೆಲ್ಲ, ಅವನು ಇಲ್ಲವೆಂಬುದೇ ಬಂದು ಅವಳ ಕೈ ಹಿಡಿಯುತ್ತಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಹೋಗುವಾಗ ಯಮನೂರ ಎಚ್ಚರಿಸಿದ: "ಸುಟ್ಟಿದ್ದು ತಗದೇನಿ, ಇನ್ನ ಜೀವಕ್ಕೇನೂ ಹೆದರಿಕಿ ಇಲ್ಲ. ಆದ್ರ ತಗ್ಗು ಒಣಗಿದ್ರ ಕಂಪ್ಯೂಟರ್ ತಾನಾ ಒಂಚೂರು ಜುಮ್ ಅನ್ನತೈತಿ. ನೀರ ಮರೀಬ್ಯಾಡ್ರಿ."

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಉಮಾಶ್ರೀ ಚರಗಿ ತುಂಬಿ ಹಿತ್ತಲಿಗೆ ಹೊರಟಳು. ಹಿಂದಿನಿಂದ ಯಾರೋ ಸೆರಗು ಹಿಡಿದರು. ತಿರುಗಿದರೆ ಕಳಕವ್ವ. ಪಟ್ಟಿ ಕಟ್ಟಿದ ಕೈಯಲ್ಲೇ ಸೆರಗು ಹಿಡಿದಿದ್ದಳು.

"ಉಮಾ, ನೀರ ಹಾಕಬ್ಯಾಡಬೆ."

"ಅತ್ತಿ!"

"ಜೀವಕ್ಕೇನೂ ಆಗಂಗಿಲ್ಲ ಅಂದಾನಲ್ಲ ಅಂವ. ಒಂಚೂರ ಜುಮ್ ಅನ್ನತೈತಿ ಅಂದಾನ. ಒಂಚೂರ ಸಾಕು ನನಗ. ಅಮಾಸಿಗೊಮ್ಮಿ. ನಿನಗ ಬ್ಯಾಡೇನು?"

ಬೇಡವೇ? ಅವಳ ಮುಂಗೈ ಆ ಮಾತಿಗೇ ಕಾತರಿಸಿತು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮೂಲೆಗೆ ನಡೆದು, ಬಗ್ಗಿ ಕೊಳವೆಯ ಬಾಯಿಗೆ ನೀರು ಸುರಿದಳು. ಒಣ ಮಣ್ಣು ಗುಟುಗುಟು ಕುಡಿಯಿತು.

ಹಿಂದೆ ಮುದುಕಿ ಮಗನ ಹೆಸರು ಹಿಡಿದು ಅಳುತ್ತಿದ್ದಳು. ಉಮಾಶ್ರೀ ಚರಗಿ ಬರಿದಾಗುವವರೆಗೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೆಳಗಿಟ್ಟುಬಿಡುತ್ತಿದ್ದಳು.